ಮನೆ ಅಡವಿಟ್ಟು ಆಲ್ಬಂ ತಂದ ಇಮೋಜೆನ್ ಹೀಪ್: ಹಾಡು ಯಾರದು ಎಂಬ ಪ್ರಶ್ನೆಯ ಸುತ್ತ ಒಂದು ವೃತ್ತಿಜೀವನ

ಬ್ರಿಟನ್ನಿನ ಗಾಯಕಿ ಇಮೋಜೆನ್ ಹೀಪ್ ಅವರ ಹೆಸರು ಕನ್ನಡದ ಸಾಮಾನ್ಯ ಕೇಳುಗರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಅವರ ಕೈಚಳಕ ಕಿವಿಗೆ ಬೀಳದ ಇಂಗ್ಲಿಷ್ ಸಂಗೀತಪ್ರಿಯರು ವಿರಳ. ಟೇಲರ್ ಸ್ವಿಫ್ಟ್ ಅವರ '1989' ಆಲ್ಬಂನ ಕೊನೆಯ ಹಾಡು 'ಕ್ಲೀನ್' ರೂಪುಗೊಂಡದ್ದು ಹೀಪ್ ಅವರ ಮನೆಯ ಸ್ಟುಡಿಯೊದಲ್ಲಿ. ಅಮೆರಿಕದ ಗಾಯಕ ಜೇಸನ್ ಡೆರುಲೊ ಅವರನ್ನು 2009ರಲ್ಲಿ ಜನಪ್ರಿಯತೆಯ ಪಟ್ಟಿಯ ತುತ್ತತುದಿಗೇರಿಸಿದ 'ವಾಚ ಸೇ' ಹಾಡಿನ ಪಲ್ಲವಿಯಲ್ಲಿ ಕೇಳಿಬರುವ ವಿಚಿತ್ರ ಯಂತ್ರಧ್ವನಿ ಅವರದೇ. ಲಂಡನ್ನಿನಲ್ಲಿ 2016ರಿಂದ ರಂಗವೇರಿರುವ ಹ್ಯಾರಿ ಪಾಟರ್ ನಾಟಕಕ್ಕೆ ಸಂಗೀತ ಒದಗಿಸಿದವರೂ ಅವರೇ.

ಸಾಹಿತ್ಯ, ರಾಗ ಸಂಯೋಜನೆ, ಗಾಯನ, ವಾದ್ಯ ನುಡಿಸಾಣಿಕೆ, ಧ್ವನಿಮುದ್ರಣ, ಧ್ವನಿಮಿಶ್ರಣ ಎಲ್ಲವನ್ನೂ ಒಬ್ಬರೇ ನಿಭಾಯಿಸುವ ಎಲೆಕ್ಟ್ರಾನಿಕ್ ಪಾಪ್ ಕಲಾವಿದೆ ಎಂಬುದು ಹೀಪ್ ಅವರ ಪ್ರಸಿದ್ಧಿ. ಅದು ನಿಜವೇ ಆದರೂ ಅವರ ಮೂರು ದಶಕಗಳ ವೃತ್ತಿಜೀವನವನ್ನು ಗಮನಿಸಿದವರಿಗೆ ಎದ್ದು ಕಾಣುವುದು ಇನ್ನೊಂದು ಸಂಗತಿ. ಹಾಡೊಂದು ಹುಟ್ಟಿದ ಮೇಲೆ ಅದು ಯಾರ ಸ್ವತ್ತು, ಅದರ ದುಡ್ಡು ಯಾರ ಕೈಸೇರಬೇಕು ಎಂಬ ಪ್ರಶ್ನೆಯನ್ನು ಅವರಷ್ಟು ಪಟ್ಟುಹಿಡಿದು ಬೆನ್ನಟ್ಟಿದ ಕಲಾವಿದರು ಕಡಿಮೆ.

ಅಟಾರಿ ಕಂಪ್ಯೂಟರಿನಿಂದ ಆರಂಭ

ಹೀಪ್ ಜನಿಸಿದ್ದು 1977ರ ಡಿಸೆಂಬರ್ 9ರಂದು. ಬೆಳೆದದ್ದು ಲಂಡನ್ನಿನ ಪೂರ್ವದಂಚಿನ ಹ್ಯಾವರಿಂಗ್ ಪ್ರದೇಶದ ಹಳೆಯ ಮನೆಯೊಂದರಲ್ಲಿ. ಅಂಡಾಕಾರದ ಆ ಮನೆಗೆ ಮುಂದೆ ಅವರ ಸಂಗೀತದಲ್ಲೂ ಸ್ಥಾನ ಸಿಕ್ಕಿತು. ಬಾಲ್ಯದಲ್ಲಿಯೇ ಪಿಯಾನೊ, ಚೆಲೊ, ಕ್ಲಾರಿನೆಟ್‌ಗಳ ಶಾಸ್ತ್ರೀಯ ಶಿಕ್ಷಣ ದೊರೆಯಿತು. ವಸತಿ ಶಾಲೆಯಲ್ಲಿದ್ದಾಗ ಅಲ್ಲಿನ ಅಟಾರಿ ಕಂಪ್ಯೂಟರಿನಲ್ಲಿ ಸ್ವರಗಳನ್ನು ಒಂದೊಂದಾಗಿ ಜೋಡಿಸಿ ಸಂಗೀತ ಕಟ್ಟುವ ಕೌಶಲವನ್ನು ತಾವಾಗಿಯೇ ಕಲಿತರು. ಅನಂತರ ಕ್ರಾಯ್ಡನ್‌ನ ಬ್ರಿಟ್ ಸ್ಕೂಲ್ ಸೇರಿದರು.

ಇನ್ನೂ ಹದಿಹರೆಯದಲ್ಲಿದ್ದಾಗಲೇ ಅವರಿಗೆ 'ಆಲ್ಮೊ ಸೌಂಡ್ಸ್' ಕಂಪನಿಯ ಒಪ್ಪಂದ ದೊರಕಿತು. ಎ ಅಂಡ್ ಎಂ ಸಂಸ್ಥೆಯನ್ನು ಕಟ್ಟಿದ ಹರ್ಬ್ ಆಲ್ಪರ್ಟ್ ಮತ್ತು ಜೆರಿ ಮಾಸ್ ಜೋಡಿಯೇ ಇದರ ಸ್ಥಾಪಕರು. ಮೊದಲ ಆಲ್ಬಂ 'ಐಮೆಗಾಫೋನ್' 1998ರಲ್ಲಿ ಹೊರಬಂತು. ಇಮೋಜೆನ್ ಹೀಪ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿಸಿದರೆ ಈ ಶೀರ್ಷಿಕೆ ಸಿಗುತ್ತದೆ. ಆಲ್ಬಂ ಬಂದ ಕೆಲಕಾಲಕ್ಕೆ ಆಲ್ಮೊ ಕಂಪನಿ ಯೂನಿವರ್ಸಲ್ ಸಂಸ್ಥೆಯ ಪಾಲಾಯಿತು; ಹೀಪ್ ಅವರ ಒಪ್ಪಂದ ಅಲ್ಲಿಗೆ ಮುಗಿಯಿತು.

ಬಿಯೋರ್ಕ್, ಮಡೊನ್ನಾ ಮೊದಲಾದವರೊಂದಿಗೆ ದುಡಿದ ನಿರ್ಮಾಪಕ ಗೈ ಸಿಗ್ಸ್‌ವರ್ತ್ ಜತೆಗೂಡಿ ಹೀಪ್ ಕಟ್ಟಿದ 'ಫ್ರೂ ಫ್ರೂ' ಜೋಡಿತಂಡದ 'ಡೀಟೇಲ್ಸ್' 2002ರಲ್ಲಿ ಬಿಡುಗಡೆಯಾಯಿತು. ವಿಮರ್ಶಕರು ಮೆಚ್ಚಿದರು, ಅಂಗಡಿಗಳಲ್ಲಿ ಮಾತ್ರ ಅದು ಹೆಚ್ಚು ಖರ್ಚಾಗಲಿಲ್ಲ. ಮರುವರ್ಷವೇ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಅದೇ ಆಲ್ಬಂನ 'ಲೆಟ್ ಗೋ' ಹಾಡು 2004ರಲ್ಲಿ 'ಗಾರ್ಡನ್ ಸ್ಟೇಟ್' ಚಿತ್ರದಲ್ಲಿ ಬಳಕೆಯಾಗಿ ಅಮೆರಿಕದ ಯುವಜನರ ಮನೆಮಾತಾದಾಗ ಹಾಡಲು ತಂಡವೇ ಉಳಿದಿರಲಿಲ್ಲ.

ಒಂದು ವರ್ಷ, ಒಂದು ಸಾಲ

ಎರಡು ಬಾರಿ ಕಂಪನಿಗಳ ನೆರಳಿನಲ್ಲಿ ಕೆಲಸ ಮಾಡಿ ಬರಿಗೈಯಲ್ಲಿ ಹೊರಬಂದ ಹೀಪ್ 2003ರ ಡಿಸೆಂಬರ್‌ನಲ್ಲಿ ಕೈಗೊಂಡ ತೀರ್ಮಾನವೇ ಅವರ ಬದುಕಿನ ತಿರುವು. ಲಂಡನ್ನಿನ ತಮ್ಮ ಫ್ಲಾಟಿನ ಮೇಲೆ ಮತ್ತಷ್ಟು ಸಾಲ ಎತ್ತಿದರು. ಆ ಹಣದಲ್ಲಿ ಸ್ಟುಡಿಯೊ ಬಾಡಿಗೆಗೆ ಹಿಡಿದರು, ಉಪಕರಣಗಳನ್ನು ಕೊಂಡರು. ಕೆಲಸ ಎಳೆದುಕೊಂಡು ಹೋಗಬಾರದೆಂದು ಆಲ್ಬಂನ ಅಂತಿಮ ಹಂತವಾದ ಮಾಸ್ಟರಿಂಗ್‌ಗೆ ಸರಿಯಾಗಿ ಒಂದು ವರ್ಷದ ನಂತರದ ದಿನವನ್ನು ಮೊದಲೇ ಕಾಯ್ದಿರಿಸಿದರು. ಒಂದು ಹಾಡಿಗೂ ಪಲ್ಲವಿ ಹುಟ್ಟುವ ಮುನ್ನ ಗಡುವು ನಿಗದಿಯಾಗಿತ್ತು.

ಈ ಸಾಲದ ಮಹತ್ವ ತಿಳಿಯಬೇಕಾದರೆ ಸಂಗೀತ ವ್ಯಾಪಾರದ ಒಂದು ಮೂಲಸೂತ್ರವನ್ನು ಅರಿಯಬೇಕು. ಪ್ರತಿ ಹಾಡಿಗೂ ಎರಡು ಬಗೆಯ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗಕ್ಕೆ ಸೇರಿದ್ದು ಒಂದು. ಆ ಹಾಡಿನ ನಿರ್ದಿಷ್ಟ ಧ್ವನಿಮುದ್ರಿಕೆಗೆ ಸೇರಿದ್ದು ಇನ್ನೊಂದು. ಎರಡನೆಯದನ್ನು ಮಾಸ್ಟರ್ ಹಕ್ಕು ಎನ್ನುತ್ತಾರೆ. ಧ್ವನಿಮುದ್ರಣದ ಖರ್ಚನ್ನು ಕಂಪನಿ ಭರಿಸಿದರೆ ಮಾಸ್ಟರ್ ಹಕ್ಕು ಸಾಮಾನ್ಯವಾಗಿ ಕಂಪನಿಯದೇ ಆಗುತ್ತದೆ. ಅಷ್ಟೇ ಅಲ್ಲ, ಮುಂಗಡವಾಗಿ ಕೊಟ್ಟ ಹಣ ಪೂರ್ತಿ ವಸೂಲಾಗುವವರೆಗೆ ಕಲಾವಿದರಿಗೆ ಮಾರಾಟದ ಪಾಲು ಸಿಗುವುದಿಲ್ಲ. ನಮ್ಮ ಚಲನಚಿತ್ರ ಗೀತೆಗಳ ಸ್ಥಿತಿಯೂ ಬಹುಕಾಲ ಇದಕ್ಕಿಂತ ಉತ್ತಮವಾಗಿರಲಿಲ್ಲ. ಹಕ್ಕುಗಳು ನಿರ್ಮಾಪಕರಿಂದ ಆಡಿಯೊ ಕಂಪನಿಗೆ ಹೋಗುತ್ತಿದ್ದವು, ಕವಿಗೆ ಸಿಗುತ್ತಿದ್ದುದು ಒಂದು ಬಾರಿಯ ಸಂಭಾವನೆ. ಗೀತರಚನೆಕಾರರು ಹಾಗೂ ಸಂಗೀತ ಸಂಯೋಜಕರು ರಾಯಧನದ ಪಾಲನ್ನು ಬಿಟ್ಟುಕೊಡುವಂತಿಲ್ಲ ಎಂಬ ರಕ್ಷಣೆ ಭಾರತದಲ್ಲಿ ಬಂದದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರವೇ.

ಹೀಪ್ ಸಾಲದ ಹೊಣೆ ತಾವೇ ಹೊತ್ತಿದ್ದರಿಂದ ಎರಡೂ ಹಕ್ಕುಗಳು ಅವರ ಬಳಿಯೇ ಉಳಿದವು. 'ಸ್ಪೀಕ್ ಫಾರ್ ಯುವರ್‌ಸೆಲ್ಫ್' 2005ರ ಜುಲೈನಲ್ಲಿ ಅವರದೇ ಲೇಬಲ್ 'ಮೆಗಾಫೋನಿಕ್' ಮೂಲಕ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಮೊದಲ ಕಂತಿನಲ್ಲಿ ಅಚ್ಚಾದ 10,000 ಸಿ.ಡಿ.ಗಳು ಖಾಲಿಯಾದವು. ಅಮೆರಿಕದಲ್ಲಿ ಅದನ್ನು ಹೊರತರಲು ಆರ್‌ಸಿಎ ವಿಕ್ಟರ್ ಮುಂದೆ ಬಂದಾಗ ಹೀಪ್ ಆಲ್ಬಂ ಅನ್ನು ಮಾರಲಿಲ್ಲ, ಪರವಾನಗಿ ಮಾತ್ರ ಕೊಟ್ಟರು. ಹೊಲ ಮಾರುವುದಕ್ಕೂ ಗುತ್ತಿಗೆಗೆ ಕೊಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದೂ.

ಕಂಪ್ಯೂಟರ್ ಕೈಕೊಟ್ಟ ರಾತ್ರಿಯ ಹಾಡು

ಆ ಆಲ್ಬಂನ 'ಹೈಡ್ ಅಂಡ್ ಸೀಕ್' ಕುರಿತು ಪ್ರತ್ಯೇಕವಾಗಿ ಹೇಳಲೇಬೇಕು. ಅದರಲ್ಲಿ ತಾಳವಾದ್ಯವಿಲ್ಲ, ಗಿಟಾರ್ ಇಲ್ಲ, ಪಿಯಾನೊ ಇಲ್ಲ. ಇರುವುದು ಒಂದೇ ಕಂಠ. ಒಂದು ರಾತ್ರಿ ಸ್ಟುಡಿಯೊದ ಕಂಪ್ಯೂಟರ್ ಕೆಟ್ಟು ನಿಂತಾಗ ಬರಿಗೈಯಲ್ಲಿ ಮನೆಗೆ ಮರಳಲು ಮನಸ್ಸಾಗದೆ, ಅಲ್ಲೇ ಇದ್ದ ಹಾರ್ಮನಿ ಯಂತ್ರವೊಂದಕ್ಕೆ ಕೀಬೋರ್ಡ್ ಜೋಡಿಸಿ ಬಾಯಿಗೆ ಬಂದುದನ್ನು ಹಾಡುತ್ತಾ ಹೋದದ್ದೇ ಈ ಗೀತೆಯಾಯಿತು ಎಂದು ಹೀಪ್ ಹಲವೆಡೆ ಹೇಳಿಕೊಂಡಿದ್ದಾರೆ.

ಯಂತ್ರದ ಕೆಲಸ ಸರಳ. ಗಾಯಕಿ ಒಂದು ಸ್ವರ ಹಾಡುವಾಗ ಕೀಲಿಮಣೆಯಲ್ಲಿ ಯಾವ ಯಾವ ಸ್ವರಗಳನ್ನು ಒತ್ತಲಾಗಿದೆಯೋ ಅದೇ ಕಂಠವನ್ನು ಆ ಸ್ವರಗಳಿಗೆ ಏರಿಸಿ ಇಳಿಸಿ ಒಟ್ಟಿಗೆ ಹೊರಡಿಸುತ್ತದೆ. ಒಬ್ಬರೇ ಹಾಡಿದರೂ ಮೇಳವೇ ಹಾಡಿದಂತೆ ಕೇಳುತ್ತದೆ. ಉಸಿರು ಎಳೆದುಕೊಳ್ಳುವ ಸದ್ದು, ಮಾತಿನ ನಡುವಿನ ಮೌನ ಕೂಡ ಯಂತ್ರದೊಳಗಿಂದ ಹಾದುಬರುವುದರಿಂದ ಅಳುವಿಗೂ ಲೋಹಕ್ಕೂ ನಡುವಿನ ಯಾವುದೋ ಭಾವ ಹುಟ್ಟುತ್ತದೆ. ಒಂದೇ ಎಳೆಯ ರಾಗಸಂಚಾರಕ್ಕೆ ಒಗ್ಗಿದ ನಮ್ಮ ಕಿವಿಗೆ ಮೊದಲು ಇದು ಕೃತಕವೆನಿಸಬಹುದು. ಎರಡನೆಯ ಸಲ ಕೇಳಿದರೆ ಆ ಅಭಿಪ್ರಾಯ ಉಳಿಯುವುದು ಕಷ್ಟ.

ಅಮೆರಿಕದ 'ದಿ ಓ.ಸಿ.' ಧಾರಾವಾಹಿಯ ಎರಡನೆಯ ಋತುವಿನ ಕೊನೆಯ ಕಂತಿನಲ್ಲಿ, 2005ರ ಮೇ ತಿಂಗಳಲ್ಲಿ, ಗುಂಡೇಟಿನ ದೃಶ್ಯಕ್ಕೆ ಈ ಹಾಡು ಹಿನ್ನೆಲೆಯಾಯಿತು. ಆಲ್ಬಂ ಬರುವ ಮುಂಚೆಯೇ ಹಾಡು ಹೆಸರಾಯಿತು. ಅದೇ ದೃಶ್ಯವನ್ನು 2007ರಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮ ಅಣಕಿಸಿದಾಗ ಅದು ಇನ್ನೊಂದು ಪೀಳಿಗೆಗೆ ತಲುಪಿತು. ಎರಡು ವರ್ಷಗಳ ಬಳಿಕ ಬಂದ 'ವಾಚ ಸೇ' ಇದೇ ಧ್ವನಿಮುದ್ರಿಕೆಯ ತುಣುಕಿನ ಮೇಲೆ ನಿಂತ ಗೀತೆ; ಹಾಡಿನ ಕರ್ತೃಗಳ ಸಾಲಿನಲ್ಲಿ ಹೀಪ್ ಹೆಸರೂ ಸೇರಿತು. ಕಂಪ್ಯೂಟರ್ ಸರಿಯಿದ್ದಿದ್ದರೆ ಹುಟ್ಟದೇ ಹೋಗಬಹುದಾಗಿದ್ದ ಹಾಡು ಮನೆಯ ಸಾಲದ ಲೆಕ್ಕವನ್ನೇ ಬದಲಿಸಿತು.

ಗ್ರ್ಯಾಮಿ ಮತ್ತು ಅಂಡಾಕಾರದ ಮನೆ

2007ರ ಗ್ರ್ಯಾಮಿಯಲ್ಲಿ ಹೀಪ್ ಅವರು 'ಅತ್ಯುತ್ತಮ ನೂತನ ಕಲಾವಿದೆ' ವಿಭಾಗಕ್ಕೆ ನಾಮಕರಣಗೊಂಡರು. ಮೊದಲ ಆಲ್ಬಂ ಬಂದು ಒಂಬತ್ತು ವರ್ಷ ಕಳೆದಿತ್ತೆಂಬುದು ಬೇರೆ ಮಾತು. ಅಷ್ಟರಲ್ಲಿ ಅವರು ಬಾಲ್ಯದ ಮನೆಯನ್ನೇ ಕೊಂಡು, ಹಿಂದೆ ಮಕ್ಕಳ ಆಟದ ಕೋಣೆಯಾಗಿದ್ದ ನೆಲಮಾಳಿಗೆಯಲ್ಲಿ ಸ್ಟುಡಿಯೊ ಕಟ್ಟಿಸಿದ್ದರು. ಅಲ್ಲಿ ತಯಾರಾದ 'ಎಲಿಪ್ಸ್' (ಅಂಡಾಕೃತಿ) 2009ರಲ್ಲಿ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ಐದನೆಯ ಸ್ಥಾನದಲ್ಲಿ ಕಾಣಿಸಿಕೊಂಡಿತು. 2010ರ ಗ್ರ್ಯಾಮಿಯಲ್ಲಿ ಇದಕ್ಕೆ ದೊರೆತದ್ದು ಗಾಯನದ ಪ್ರಶಸ್ತಿಯಲ್ಲ, ಧ್ವನಿ ಎಂಜಿನಿಯರಿಂಗ್ ಪ್ರಶಸ್ತಿ. ಗಾಯಕಿಯೊಬ್ಬರು ತಮ್ಮದೇ ಆಲ್ಬಂನ ಎಂಜಿನಿಯರ್ ಆಗಿ ಗ್ರ್ಯಾಮಿ ಪಡೆದದ್ದು ಗಂಡಸರೇ ತುಂಬಿದ್ದ ಆ ಕ್ಷೇತ್ರದಲ್ಲಿ ಸಣ್ಣ ಸಂಗತಿಯೇನಲ್ಲ.

ನಂತರದ ಆಲ್ಬಂ 'ಸ್ಪಾರ್ಕ್ಸ್' ಬರಲು 2014 ಆಯಿತು. ಹಾಡುಗಳನ್ನು 2011ರಿಂದ ಒಂದೊಂದಾಗಿ ಬಿಡುಗಡೆ ಮಾಡುತ್ತಾ ಹೋದದ್ದು ಇದರ ವೈಶಿಷ್ಟ್ಯ. ಮೊದಲನೆಯದಾದ 'ಲೈಫ್‌ಲೈನ್'ಗೆ ಕೇಳುಗರಿಂದಲೇ ಸದ್ದುಗಳನ್ನು ಆಹ್ವಾನಿಸಲಾಗಿತ್ತು. ಬೆಂಕಿಕಡ್ಡಿ ಗೀರಿದ ಸದ್ದು, ಸೈಕಲ್ ಚಕ್ರದ ಕಡ್ಡಿಗಳ ನಾದ ಮುಂತಾದವು ಹಾಡಿನೊಳಗೆ ಸೇರಿದವು.

ಭಾರತದ ನಂಟೂ ಇದೇ ಆಲ್ಬಂನದು. 2011ರಲ್ಲಿ 'ದಿ ಡ್ಯುವರಿಸ್ಟ್ಸ್' ಟಿ.ವಿ. ಸರಣಿಯ ಮೊದಲ ಕಂತಿಗಾಗಿ ರಾಜಸ್ಥಾನಕ್ಕೆ ಬಂದ ಹೀಪ್ ಅವರು ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯೊಂದಿಗೆ 'ಮೈಂಡ್ಸ್ ವಿದೌಟ್ ಫಿಯರ್' ರಚಿಸಿದರು. ರವೀಂದ್ರನಾಥ ಟ್ಯಾಗೋರರ 'ಗೀತಾಂಜಲಿ'ಯ ಹೆಸರಾಂತ ಕವಿತೆಯೇ ಇದಕ್ಕೆ ಸ್ಫೂರ್ತಿ. ಅದು ಟ್ಯಾಗೋರರ 150ನೇ ಜನ್ಮವರ್ಷವೂ ಆಗಿತ್ತು.

ಕೈಗವಸಿನಲ್ಲಿ ವಾದ್ಯ

ಎಲೆಕ್ಟ್ರಾನಿಕ್ ಸಂಗೀತಗಾರರಿಗೆ ವೇದಿಕೆಯೇ ಒಂದು ಸಮಸ್ಯೆ. ಕಂಪ್ಯೂಟರ್ ಪರದೆಯ ಹಿಂದೆ ನಿಂತು ಗುಂಡಿ ಒತ್ತುವವರು ಸಂಗೀತ ನುಡಿಸುತ್ತಿದ್ದಾರೋ ಪತ್ರ ಟೈಪು ಮಾಡುತ್ತಿದ್ದಾರೋ ಪ್ರೇಕ್ಷಕರಿಗೆ ತಿಳಿಯದು. ಇದಕ್ಕೆ ಹೀಪ್ ಕಂಡುಕೊಂಡ ಪರಿಹಾರ ಕೈಗವಸು. ಬ್ರಿಸ್ಟಲ್‌ನ ವೆಸ್ಟ್ ಆಫ್ ಇಂಗ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕ ಟಾಮ್ ಮಿಚೆಲ್ ಮೊದಲಾದವರ ನೆರವಿನಿಂದ ರೂಪುಗೊಂಡ 'ಮಿಮು' ಕೈಗವಸುಗಳು ಬೆರಳು ಎಷ್ಟು ಬಾಗಿತು, ಮುಂಗೈ ಎತ್ತ ತಿರುಗಿತು ಎಂಬುದನ್ನು ಸಂವೇದಕಗಳಿಂದ ಅಳೆದು ತಂತಿಯಿಲ್ಲದೆ ಕಂಪ್ಯೂಟರಿಗೆ ರವಾನಿಸುತ್ತವೆ. ಯಾವ ಚಲನೆಗೆ ಯಾವ ಫಲ ಎಂಬುದನ್ನು ಕಲಾವಿದರೇ ನಿಗದಿಪಡಿಸಿಕೊಳ್ಳಬಹುದು. ಮುಷ್ಟಿ ಬಿಗಿದರೆ ಸ್ವರ ಹಿಡಿದು ನಿಲ್ಲುತ್ತದೆ, ಕೈ ಎತ್ತಿದರೆ ಪ್ರತಿಧ್ವನಿ ಹಬ್ಬುತ್ತದೆ. ನೋಡುವವರಿಗೆ ಅದು ನೃತ್ಯದ ಹಸ್ತಮುದ್ರೆಗಳಂತೆ ತೋರುತ್ತದೆ.

ವ್ಯಾಪಾರವಾಗಿ ಇದು ಸಲೀಸಾಗಿ ಸಾಗಲಿಲ್ಲ. 2014ರಲ್ಲಿ ಸಾರ್ವಜನಿಕರಿಂದ 2 ಲಕ್ಷ ಪೌಂಡ್ ಸಂಗ್ರಹಿಸುವ ಯತ್ನ ಗುರಿ ಮುಟ್ಟಲಿಲ್ಲ. ಮರುವರ್ಷ ಅರಿಯಾನಾ ಗ್ರಾಂಡೆ ತಮ್ಮ ಪ್ರವಾಸದಲ್ಲಿ ಈ ಕೈಗವಸು ಧರಿಸಿದರು. 2018ರ ತಮ್ಮ ಆಲ್ಬಂನಲ್ಲಿ ಹೀಪ್ ಅವರ 2005ರ 'ಗುಡ್‌ನೈಟ್ ಅಂಡ್ ಗೋ' ಹಾಡಿಗೆ ಹೊಸ ರೂಪ ಕೊಟ್ಟವರೂ ಅವರೇ.

133 ಡಾಲರ್‌ಗಳ ಪ್ರಯೋಗ

ಹೀಪ್ ಅವರ ಪ್ರಯತ್ನಗಳಲ್ಲಿ ಅತ್ಯಂತ ಧೈರ್ಯದ್ದೂ ಅತ್ಯಂತ ನಷ್ಟದ್ದೂ 2015ರ ಅಕ್ಟೋಬರ್‌ನದು. ತಾಯಿಯಾದ ಮೊದಲ ದಿನಗಳ ಅನುಭವದಿಂದ ಹುಟ್ಟಿದ 'ಟೈನಿ ಹ್ಯೂಮನ್' ಗೀತೆಯನ್ನು ಅವರು ಇಥೀರಿಯಂ ಬ್ಲಾಕ್‌ಚೈನ್ ಮೂಲಕ, ಅಂದರೆ ಯಾವ ಮಧ್ಯವರ್ತಿಯ ಹಿಡಿತದಲ್ಲೂ ಇಲ್ಲದ ಡಿಜಿಟಲ್ ಲೆಕ್ಕಪುಸ್ತಕದ ಮೂಲಕ, ಮಾರಾಟಕ್ಕಿಟ್ಟರು. ಕೇಳುಗ ಹಣ ಕೊಟ್ಟ ಕ್ಷಣವೇ ಅದು ಗಾಯಕಿ, ವಾದಕರು, ಎಂಜಿನಿಯರ್ ಎಲ್ಲರಿಗೂ ಪೂರ್ವನಿಗದಿತ ಪ್ರಮಾಣದಲ್ಲಿ ತಾನಾಗಿಯೇ ಹಂಚಿಕೆಯಾಗುವ ವ್ಯವಸ್ಥೆ ಅದು. ರಾಯಧನಕ್ಕಾಗಿ ತಿಂಗಳುಗಟ್ಟಲೆ ಕಾಯುವ, ಲೆಕ್ಕ ತೋರಿಸಿ ಎಂದು ಅಂಗಲಾಚುವ ಪಾಡು ಯಾರಿಗೂ ಇರದು.

ಬಂದ ಹಣ ಒಟ್ಟು 133 ಡಾಲರ್ 20 ಸೆಂಟ್. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅರ್ಧ ಡಾಲರಿಗಿಂತ ತುಸು ಹೆಚ್ಚು ಬೆಲೆಯ ಒಂದು ಹಾಡು ಕೊಳ್ಳಲು ಜನ ಮೊದಲು ಡಿಜಿಟಲ್ ನಾಣ್ಯದ ಖಾತೆ ತೆರೆಯಬೇಕಿತ್ತು, ನಂತರ ಆ ನಾಣ್ಯ ಖರೀದಿಸಬೇಕಿತ್ತು. ಅಷ್ಟು ತಾಳ್ಮೆ ಅಭಿಮಾನಿಗಳಿಗೂ ಇರಲಿಲ್ಲ. ಆದರೂ ಹೀಪ್ ಅಲ್ಲಿಗೆ ನಿಲ್ಲಿಸಲಿಲ್ಲ. 'ಮೈಸೀಲಿಯಾ' ಹೆಸರಿನ ಯೋಜನೆಯಡಿ, ಹಾಡಿನಲ್ಲಿ ಯಾರು ಏನು ಮಾಡಿದರೆಂಬ ಮಾಹಿತಿ ಕಲಾವಿದರ ಕೈಯಲ್ಲೇ ಇರಬೇಕೆಂಬ 'ಕ್ರಿಯೇಟಿವ್ ಪಾಸ್‌ಪೋರ್ಟ್' ಕಲ್ಪನೆಯನ್ನು ಹೊತ್ತು 2018–19ರಲ್ಲಿ ದೇಶದೇಶ ಸುತ್ತಿದರು. ಕೃತಕ ಬುದ್ಧಿಮತ್ತೆ ಬಂದಾಗಲೂ ಅವರು ಅದನ್ನು ದೂರವಿಡದೆ ಷರತ್ತು ಹಾಕುವ ದಾರಿ ಹಿಡಿದರು. 2024ರಲ್ಲಿ ತಮ್ಮ ಹೊಸ ಹಾಡಿನ ಶೈಲಿಯನ್ನು ಯಂತ್ರದ ಮೂಲಕ ಇತರರು ಬಳಸಲು ಅನುಮತಿ ಕೊಟ್ಟರು, ಹಣ ಕೊಟ್ಟು ಮತ್ತು ಒಪ್ಪಿಗೆ ಪಡೆದು ಎಂಬ ನಿಯಮದೊಂದಿಗೆ.

ಅದೇ 2024ರಲ್ಲಿ, ಯಾರೂ ಯೋಜಿಸದೆಯೇ, 'ಸ್ಪೀಕ್ ಫಾರ್ ಯುವರ್‌ಸೆಲ್ಫ್'ನ ಮೊದಲ ಹಾಡು 'ಹೆಡ್‌ಲಾಕ್' ಕಿರುವಿಡಿಯೊಗಳಲ್ಲಿ ಹರಿದಾಡತೊಡಗಿತು. ಅದು ಹೊರಬಂದಾಗ ಹುಟ್ಟಿಯೇ ಇರದ ಹುಡುಗ ಹುಡುಗಿಯರು ಅದನ್ನು ಹೊಸ ಹಾಡೆಂದು ಕೇಳಿದರು. 2025ರ ಆರಂಭದಲ್ಲಿ 'ಹೆಡ್‌ಲಾಕ್' ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಬಂತು. ಫ್ಲಾಟ್ ಅಡವಿಟ್ಟು ಮುದ್ರಿಸಿಕೊಂಡ ಹಾಡು ಆ ಪಟ್ಟಿ ಏರಲು ತೆಗೆದುಕೊಂಡದ್ದು ಸುಮಾರು ಇಪ್ಪತ್ತು ವರ್ಷ.