ಸುರಂಗದಲ್ಲಿ ಬೆಂಕಿಗಿಂತ ಹೊಗೆಯೇ ಮಾರಕ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ಕಡೆಗೆ ಹರಿಯುವ ಹೇಮಾವತಿ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗವನ್ನು ಹಾದು ಬರುತ್ತದೆ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್‌ನತ್ತ ಭಾರಿ ಕೊಳವೆಗಳಲ್ಲಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಯೋಜನೆಯು 2024 ಮತ್ತು 2025ರಲ್ಲಿ ತೀವ್ರ ವಿರೋಧ ಎದುರಿಸಿತು. ವಾದ ನಡೆದದ್ದು ನೀರಿನ ಪಾಲಿನ ಬಗ್ಗೆ. ಇಂತಹ ಕಾಮಗಾರಿಗಳಲ್ಲಿ ನೆಲದಡಿ ದುಡಿಯುವವರ ಉಸಿರಿನ ಪ್ರಶ್ನೆಯೂ ಸಣ್ಣದಲ್ಲ.

ಬೆಸುಗೆಯ ಕಿಡಿ, ಡೀಸೆಲ್ ಯಂತ್ರ, ಸುಟ್ಟ ಕೇಬಲ್, ಸೆಂಟ್ರಿಂಗ್ ಹಲಗೆ ಇವುಗಳಲ್ಲಿ ಯಾವುದರಿಂದಲಾದರೂ ಬೆಂಕಿ ಹುಟ್ಟಬಹುದು. ಬಿಸಿ ಹೊಗೆ ಮೊದಲು ಚಾವಣಿಗೆ ಏರಿ, ಅದರಡಿಯಲ್ಲೇ ಎರಡೂ ದಿಕ್ಕಿಗೆ ಹರಿಯುತ್ತದೆ. ಆಗ ಕೆಳಗಿನ ಗಾಳಿ ಕೆಲವು ನಿಮಿಷ ತಿಳಿಯಾಗಿರುತ್ತದೆ. ಬಗ್ಗಿ ನಡೆದು ಪಾರಾಗಲು ಇರುವ ಕಾಲ ಅಷ್ಟೇ. ದೂರ ಸಾಗಿದಂತೆ ಹೊಗೆ ತಣಿದು ಕೆಳಗಿಳಿದು ಸುರಂಗವನ್ನೆಲ್ಲ ತುಂಬುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. 2020ರ ಆಗಸ್ಟ್ 20ರ ರಾತ್ರಿ ತೆಲಂಗಾಣದ ಶ್ರೀಶೈಲಂ ಎಡದಂಡೆ ಭೂಗತ ವಿದ್ಯುದಾಗಾರದಲ್ಲಿ ಬೆಂಕಿ ಬಿದ್ದಾಗ ದಟ್ಟ ಹೊಗೆ ತುಂಬಿ, ಒಳಗೆ ಸಿಲುಕಿದ್ದ 9 ಮಂದಿ ಅಸುನೀಗಿದರು.

ಸುರಂಗ ಇಳಿಜಾರಾಗಿದ್ದರೆ ಅದೇ ಚಿಮಣಿಯಾಗುತ್ತದೆ. 2000ದ ನವೆಂಬರ್ 11ರಂದು ಆಸ್ಟ್ರಿಯಾದ ಕಾಪ್ರುನ್ ಸುರಂಗ ರೈಲಿನ ಬೆಂಕಿಯಲ್ಲಿ 155 ಮಂದಿ ಮಡಿದರು. ರೈಲಿನಿಂದ ಇಳಿದು, ಬೆಂಕಿಯನ್ನು ದಾಟಿ ಕೆಳಮುಖವಾಗಿ ಓಡಿದ 12 ಮಂದಿ ಬದುಕಿದರು.

ಕಟ್ಟಡ ಕಾರ್ಮಿಕರಿಗಾಗಿ 1998ರಲ್ಲಿ ರೂಪುಗೊಂಡ ಕೇಂದ್ರ ನಿಯಮಗಳು ಸುರಂಗದಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ನಿಮಿಷಕ್ಕೆ ಕನಿಷ್ಠ 6 ಘನ ಮೀಟರ್ ಹೊಸ ಗಾಳಿಯನ್ನೂ, ನಿಮಿಷಕ್ಕೆ 9 ಮೀಟರ್ ಗಾಳಿಯ ಚಲನೆಯನ್ನೂ ವಿಧಿಸಿದವು. ಉಸಿರಾಟಕ್ಕೆ ಇದು ಸಾಕು, ಹೊಗೆ ತಡೆಯಲು ಸಾಲದು. 9 ಮೀಟರ್ ಎಂದರೆ ಸೆಕೆಂಡಿಗೆ 0.15 ಮೀಟರ್ ಮಾತ್ರ. ದೊಡ್ಡ ಬೆಂಕಿಯ ಹೊಗೆ ಗಾಳಿಗೆ ಎದುರಾಗಿ ಹಿಂದಕ್ಕೆ ಹರಿಯದಂತೆ ತಡೆಯಲು ಸೆಕೆಂಡಿಗೆ ಸುಮಾರು 2ರಿಂದ 3 ಮೀಟರ್ ವೇಗ ಬೇಕಾಗುತ್ತದೆ.

ಒಂದೇ ಬಾಯಿಯ ಸುರಂಗದಲ್ಲಿ ತೊಡಕು ಇನ್ನೂ ಹೆಚ್ಚು. ಹೊರಗಿನ ಫ್ಯಾನು ಗಾಳಿಕೊಳವೆಯ ಮೂಲಕ ತುದಿಗೆ ಗಾಳಿ ತಳ್ಳುತ್ತದೆ. ನಡುವೆ ಬೆಂಕಿ ಬಿದ್ದರೆ ತುದಿಯಲ್ಲಿರುವವರಿಗೆ ಆ ಕೊಳವೆಯೇ ಜೀವ. ಅದು ಬೇಗ ಉರಿಯುವ ವಸ್ತುವಿನದಾಗಿರಬಾರದು. ಗಾಬರಿಯಲ್ಲಿ ಫ್ಯಾನು ನಿಲ್ಲಿಸುವುದು ಅಥವಾ ದಿಕ್ಕು ತಿರುಗಿಸುವುದು ಒಳಗಿನವರ ನೆಲೆ ತಿಳಿಯದೆ ಮಾಡುವ ಕೆಲಸವಲ್ಲ. ಆದ್ದರಿಂದಲೇ ಸುರಂಗದ ಬಾಯಲ್ಲಿ ಒಳಹೋದವರ ಲೆಕ್ಕ ಸದಾ ಸಿದ್ಧವಿರಬೇಕು.

ನಗರದಲ್ಲಿ ಕಟ್ಟುತ್ತಿರುವ ನೆಲಮಾಳಿಗೆಗಳಲ್ಲಿ ಜನ ಹೊರಬರುವ ಮೆಟ್ಟಿಲೇ ಹೊಗೆಗೂ ದಾರಿಯಾಗುವುದರಿಂದ ಎರಡನೆಯ ದಾರಿ ಅಗತ್ಯ, ಜನರೇಟರ್ ಒಳಗಿಡಕೂಡದು. ಬೆಸುಗೆ ಮುಗಿದ ಮೇಲೂ ಅರ್ಧ ಗಂಟೆಯಾದರೂ ಅಲ್ಲೊಬ್ಬ ಕಾವಲಿರಬೇಕು.