ಕಮ್ಮಾರ ಕೊಟ್ಟ ದಾರಿ

ಮಳೆಗಾಲ ಮುಗಿದ ಮೇಲಿನ ಭಾನುವಾರಗಳಲ್ಲಿ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಜಾತ್ರೆಯಷ್ಟು ಜನ ಸೇರುತ್ತಾರೆ. ಊರಿನಿಂದ ಬಂದ ನೆಂಟರಿಗೆ ಮುಂಬಯಿ ತೋರಿಸಲು ಹೊರಟ ಕನ್ನಡದ ಮನೆಮಂದಿಯೂ ಅವರಲ್ಲಿರುತ್ತಾರೆ. ಬುತ್ತಿ ಕಟ್ಟಿಕೊಂಡು ಮಿನಿ ಬಸ್ಸು ಹತ್ತಿದರೆ ಅದು ಕಾಡಿನ ನಡುವೆ ಸಾಗಿ ಕನ್ಹೇರಿ ಗುಡ್ಡದ ಬುಡದಲ್ಲಿ ಇಳಿಸುತ್ತದೆ. ಮಕ್ಕಳ ಕಣ್ಣು ಮೊದಲು ಹೋಗುವುದು ತಿಂಡಿಯ ಪೊಟ್ಟಣ ಕಸಿಯಲು ಕಾದಿರುವ ಮಂಗಗಳ ಮೇಲೆ. ಆಮೇಲೆ ಎಚ್ಚರಿಕೆಯ ಫಲಕದ ಮೇಲೆ. ಗೋಡೆಯ ಮೇಲೆ ಹೆಸರು ಕೊರೆಯುವುದು ಅಪರಾಧ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, 2010ರ ತಿದ್ದುಪಡಿಯ ಬಳಿಕ, ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಆದರೆ ಒಳಗೆ ಹೋದರೆ ಗೋಡೆಗಳ ತುಂಬ ಹೆಸರುಗಳೇ. ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ: ‘ಅಜ್ಜಾ, ಅವರು ಬರೆದರೆ ಶಾಸನ, ನಾವು ಬರೆದರೆ ದಂಡವಾ?’

ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಇದು.

ಕನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಗುಡ್ಡದ ಹಳೆಯ ಹೆಸರು ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ. ಪ್ರಾಕೃತದಲ್ಲಿ ಅದು ಕಣ್ಹಗಿರಿಯಾಗಿ, ಜನರ ಬಾಯಲ್ಲಿ ಕನ್ಹೇರಿಯಾಯಿತು. ರಾಷ್ಟ್ರಕೂಟರ ಕೃಷ್ಣರಾಜರನ್ನು ಕನ್ನಡ ಶಾಸನಗಳು ಕನ್ನರ ಎಂದು ಕರೆಯುವುದೂ ಇದೇ ದಾರಿಯಲ್ಲಿ. ಬೌದ್ಧ ಭಿಕ್ಷುಗಳು ಇಲ್ಲಿ ಸಾವಿರ ವರ್ಷದ ಆಸುಪಾಸು ನೆಲೆಸಿದ್ದರು. ಅವರಿಗೆ ಕೋಣೆ ಕಡಿಸಿಕೊಟ್ಟವರು, ನೀರಿನ ತೊಟ್ಟಿ ತೋಡಿಸಿದವರು ಹೆಚ್ಚಾಗಿ ವ್ಯಾಪಾರಿಗಳು, ಕಸುಬುದಾರರು, ಭಿಕ್ಷುಣಿಯರು. ಕಲ್ಯಾಣ, ಸೋಪಾರಾ, ನಾಸಿಕ, ಚೌಲ್ ಊರುಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಇವತ್ತು ಲೋಕಲ್ ಟ್ರೇನಿನಲ್ಲಿ ಕೂಗಿ ಹೇಳುವ ಕಲ್ಯಾಣವೇ ಅದು. ಅಲ್ಲಿಯ ಅಕ್ಕಸಾಲಿಗನೊಬ್ಬ ನೀರಿನ ತೊಟ್ಟಿ ಕೊಟ್ಟ. ಅಲ್ಲಿಯ ಕಮ್ಮಾರನೊಬ್ಬ ಕೊಟ್ಟದ್ದು ಒಂದು ದಾರಿ. ಶಾಸನದಲ್ಲಿ ಅವನ ಕಸುಬಿನ ಹೆಸರು ‘ಕಮಾರ’. ಆ ಪ್ರಾಕೃತ ಶಬ್ದ ಕನ್ನಡದ ಮಗುವಿಗೆ ಅರ್ಥ ಹೇಳಿಸಿಕೊಳ್ಳದೆಯೇ ತಿಳಿಯುತ್ತದೆ.

ಇವರೆಲ್ಲ ಏನನ್ನೋ ಕೊಟ್ಟು ಹೆಸರು ಬರೆಸಿದವರು, ಹಾಗಾಗಿ ಅವರದು ಶಾಸನ ಎಂದು ಅಜ್ಜ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ 90ನೇ ಗುಹೆ ಅದಕ್ಕೆ ಬಿಡುವುದಿಲ್ಲ.

ಅಲ್ಲಿರುವುದು ಪಹ್ಲವಿ ಲಿಪಿಯ ಬರಹ, ಇರಾನಿನಿಂದ ಬಂದ ಪಾರಸಿಗಳದು. ಒಂದು 1009ರ ಅಕ್ಟೋಬರ್ 10ರದು, ಇನ್ನೊಂದು ಅದೇ ವರ್ಷದ ನವೆಂಬರ್ 24ರದು, ಮತ್ತೊಂದು 1021ರ ಅಕ್ಟೋಬರ್ 30ರದು. ಮಳೆ ನಿಂತ ಮೇಲೆ, ಇವತ್ತಿನವರು ಬರುವ ಹೊತ್ತಿಗೇ ಅವರೂ ಬಂದಿದ್ದರು. ಬರಹದ ಸಾರ ಇಷ್ಟೇ: ಇಂಥ ವರ್ಷ, ಇಂಥ ತಿಂಗಳು, ಇಂಥ ದಿನ, ಒಂದೇ ಧರ್ಮದ ನಾವು ಈ ಸ್ಥಳಕ್ಕೆ ಬಂದೆವು. ಆಮೇಲೆ ಹೆಸರುಗಳು, ಇಂಥವನ ಮಕ್ಕಳು ಇಂಥವರು ಎಂದು. ಅಣ್ಣತಮ್ಮಂದಿರು ಜೊತೆಯಾಗಿ ಬಂದಿದ್ದಾರೆ. ದಾನದ ಮಾತಿಲ್ಲ, ತೊಟ್ಟಿಯಿಲ್ಲ, ದಾರಿಯಿಲ್ಲ. ನೋಡಲು ಬಂದರು, ಬಂದೆವೆಂದು ಬರೆದು ಹೋದರು. ಆ ಬರಹಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಓದಿದ ಇ. ಡಬ್ಲ್ಯೂ. ವೆಸ್ಟ್ ಕಸುಬಿನಿಂದ ರೈಲ್ವೆ ಇಂಜಿನಿಯರ್. ಪಶ್ಚಿಮ ಭಾರತದ ಪಾರಸಿಗಳ ಆರಂಭಕಾಲದ ಬಗ್ಗೆ ತಾರೀಖು ಸಮೇತ ಸಿಗುವ ಸಾಕ್ಷ್ಯ ತೀರ ಕಡಿಮೆ. ಅದರಲ್ಲಿ ಈ ಪ್ರವಾಸಿಗಳ ಗೀಚು ಒಂದು.

ಕನ್ನಡದವರಿಗೂ ಇಲ್ಲಿ ಒಂದು ಹೆಸರು ಕಾದಿದೆ. 11ನೇ ಗುಹೆಯನ್ನು ದರ್ಬಾರ್ ಗುಹೆ ಎನ್ನುತ್ತಾರೆ. ಒಳಗೆ ಉದ್ದಕ್ಕೂ ಎರಡು ತಗ್ಗಾದ ಕಲ್ಲಿನ ಜಗಲಿಗಳು, ಊಟದ ಪಂಕ್ತಿಗೆ ಹಾಕಿದ ಹಾಗೆ. ಇಲ್ಲಿರುವ ಶಕ 775ರ, ಎಂದರೆ ಕ್ರಿ.ಶ. 853ರ ಸುಮಾರಿನ ಸಂಸ್ಕೃತ ಶಾಸನ ಅಮೋಘವರ್ಷನ ಆಳ್ವಿಕೆಯನ್ನು ಹೇಳುತ್ತದೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ನೃಪತುಂಗ ಇವನೇ. ಕೊಂಕಣವನ್ನು ಅವನ ಕೈಕೆಳಗೆ ನೋಡಿಕೊಳ್ಳುತ್ತಿದ್ದವನು ಶಿಲಾಹಾರ ಕಪರ್ದಿ. ದಾನ ಕೊಟ್ಟವನೋ ದೂರದ ಗೌಡದೇಶದ, ಅಂದರೆ ಬಂಗಾಳದ, ಬೌದ್ಧ ಉಪಾಸಕ. ಜಿನಭಕ್ತ ದೊರೆಯ ಕಾಲದಲ್ಲಿ ಬಂಗಾಳದವನೊಬ್ಬ ಬೌದ್ಧ ವಿಹಾರಕ್ಕೆ ಹಣ ಇಟ್ಟದ್ದು ಆಗ ಯಾರಿಗೂ ವಿಚಿತ್ರ ಅನಿಸಿದಂತಿಲ್ಲ. ಅದೇ ಕಾಲದ ಇನ್ನೊಂದು ದಾನದಲ್ಲಿ ಪೂಜೆಗೆ, ದುರಸ್ತಿಗೆ, ಬಟ್ಟೆಗೆ ಹಣ ಇಟ್ಟ ಮೇಲೆ ಪುಸ್ತಕಗಳಿಗೂ ಸ್ವಲ್ಪ ತೆಗೆದಿರಿಸಿದ್ದಾರೆ. ಶಿಲಾಹಾರರು ಮುಂದೆ ಧರಿಸಿದ ಬಿರುದುಗಳಲ್ಲಿ ‘ನನ್ನಿಸಮುದ್ರ’ ಒಂದು. ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ. ಮುಂಬಯಿಗೆ ಕನ್ನಡ ಬಂದದ್ದು ಉಡುಪಿ ಹೋಟೆಲಿನ ಜೊತೆಗೆ ಎಂದುಕೊಂಡವರಿಗೆ ಈ ಒಂದು ಶಬ್ದ ಸಾಕು.

ಹೆಸರು ಉಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಗೇಟ್‌ವೇಯಿಂದ ಲಾಂಚಿನಲ್ಲಿ ಒಂದು ತಾಸಿನ ದಾರಿ, ಘಾರಾಪುರಿ, ಎಲ್ಲರ ಬಾಯಲ್ಲಿ ಎಲಿಫೆಂಟಾ. ಮೂರು ಮುಖದ ಆ ಸದಾಶಿವನನ್ನು ಕಡಿಸಿದವರು ಯಾರು? ಕಳಚುರಿಗಳು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಆದರೆ ಗೋಡೆ ಅದನ್ನು ಹೇಳುವುದಿಲ್ಲ. ಅಲ್ಲಿ ಬರಹವಿದ್ದ ಒಂದು ಕಲ್ಲು ಇತ್ತಂತೆ. ಪೋರ್ಚುಗೀಸರು ಅದನ್ನು ತೆಗೆಸಿ ತಮ್ಮ ದೊರೆಗೆ ಕಳಿಸಿದರು, ಅಲ್ಲಿ ಯಾರಿಗೂ ಓದಲು ಬರಲಿಲ್ಲ ಎಂದು ಅವರದೇ ಚರಿತ್ರೆಕಾರ ದಿಯೋಗೊ ದೊ ಕೌತೊ ಬರೆದಿದ್ದಾನೆ. ಆ ಕಲ್ಲು ಮತ್ತೆ ಸಿಕ್ಕಿಲ್ಲ.

ಹಾಗಾದರೆ ಮಗುವಿಗೆ ಏನು ಹೇಳುವುದು? ಪಾರಸಿಗಳು ಮಾಡಿದ್ದು ಸರಿ, ನೀನು ಮಾಡಿದರೆ ತಪ್ಪು ಎನ್ನುವುದು ನ್ಯಾಯವಲ್ಲ. ನಿಜ ಹೇಳಬೇಕೆಂದರೆ, ಅವರಿಗೂ ಇವನಿಗೂ ಇರುವ ಆಸೆ ಒಂದೇ. ಬದಲಾದದ್ದು ಲೆಕ್ಕ. ಅವರು ಬಂದಾಗ ಗುಂಪು ಬೆರಳೆಣಿಕೆಯದು. ಈಗ ಒಂದೊಂದು ಭಾನುವಾರಕ್ಕೂ ಸಾಲುಸಾಲು ಬಸ್ಸು. ಎಲ್ಲರೂ ಒಂದೊಂದು ಹೆಸರು ಕೊರೆದರೆ ಕಮ್ಮಾರನ ಸಾಲು ಅಳಿಸಿಹೋಗುತ್ತದೆ, ಅವನ ಹೆಸರಿನ ಜೊತೆಗೆ ಅವನ ದಾರಿಯೂ. ಹೆಸರು ಬರೆಯಲು ಜಾಗ ಉಳಿದಿಲ್ಲ. ಓದಲು ಮಾತ್ರ ಉಳಿದಿದೆ.

ಓದುವುದನ್ನು ಅಲ್ಲೇ ಶುರುಮಾಡಬಹುದು. ಬ್ರಾಹ್ಮಿಯ ‘ಕ’ ಕೂಡುವ ಲೆಕ್ಕದ ಗುರುತಿನಂತಿರುತ್ತದೆ. ಕನ್ಹೇರಿಯ ಕಾಲಕ್ಕೆ ಕೆಳಗಿನ ಗೆರೆ ತುಸು ಉದ್ದ. ಕನ್ನಡದ ‘ಕ’ ಅದೇ ಅಕ್ಷರ ಬಳಸು ತಿದ್ದುತ್ತಾ ಬಂದು ಆದದ್ದು. ಹೇಳಿಕೊಟ್ಟರೆ ಮಕ್ಕಳು ಮಂಗಗಳನ್ನು ಬಿಟ್ಟು ಗೋಡೆಯ ಮೇಲೆ ಆ ಗುರುತನ್ನು ಹುಡುಕುತ್ತಾರೆ. ಕಲ್ಯಾಣದಲ್ಲಿ ಒಂದು, ಕಮಾರನಲ್ಲಿ ಒಂದು.