ಒಂದು ವಾರ ತರಗತಿ, ಒಂದು ವಾರ ಕಾರ್ಖಾನೆ

ಪದವಿ ಓದನ್ನು ಕಾರ್ಖಾನೆಯ ದುಡಿಮೆಯೊಂದಿಗೆ ಬೆಸೆದ ಸಹಕಾರಿ ಶಿಕ್ಷಣ ಪದ್ಧತಿ ಶುರುವಾದದ್ದು 1906ರಲ್ಲಿ, ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ. ಇದರ ರೂವಾರಿ ಎಂಜಿನಿಯರಿಂಗ್ ಪ್ರಾಧ್ಯಾಪಕ ಹರ್ಮನ್ ಷ್ನೈಡರ್. ದುಡಿಯುತ್ತಲೇ ಓದಿದವರು ಮುಂದೆ ವೃತ್ತಿಯಲ್ಲಿ ಚುರುಕಾಗಿರುವುದನ್ನು ಆತ ಗಮನಿಸಿದ್ದ. ಯಂತ್ರೋಪಕರಣ ತಯಾರಿಕೆಗೆ ಹೆಸರಾಗಿದ್ದ ಆ ಊರಲ್ಲಿ ಕಾರ್ಖಾನೆಗಳಿಗೇನೂ ಬರವಿರಲಿಲ್ಲ. ಮೊದಲ ತಂಡದಲ್ಲಿದ್ದವರು 27 ಮಂದಿ. ಜೋಡಿಯಲ್ಲಿ ಒಬ್ಬ ಒಂದು ವಾರ ಯಂತ್ರದ ಮುಂದೆ ನಿಂತರೆ ಇನ್ನೊಬ್ಬ ತರಗತಿಯಲ್ಲಿ, ಮರುವಾರ ಅದಲುಬದಲು. ಹೀಗಾಗಿ ಕೆಲಸದ ಜಾಗ ಖಾಲಿ ಬೀಳುತ್ತಿರಲಿಲ್ಲ. ಮಾಲೀಕರು ಒಪ್ಪಿದ್ದಕ್ಕೆ ಈ ಲೆಕ್ಕಾಚಾರವೂ ಕಾರಣವಿದ್ದೀತು. ವಿದ್ಯಾರ್ಥಿಗೆ ಕೂಲಿ ಸಿಗುತ್ತಿತ್ತು, ಪದವಿಗೆ ಮಾತ್ರ ಆರು ವರ್ಷ ಹಿಡಿಯುತ್ತಿತ್ತು. 1909ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್, 1921ರಲ್ಲಿ ಒಹಾಯೊದ ಆಂಟಿಯಾಕ್ ಕಾಲೇಜು ಇದನ್ನು ಅಳವಡಿಸಿಕೊಂಡವು. ಎಂಜಿನಿಯರಿಂಗಿನಲ್ಲಿ ಹುಟ್ಟಿದ ಪದ್ಧತಿ ಮಾನವಿಕ ವಿಷಯಗಳಿಗೂ ಹಬ್ಬಿದ್ದು ಆಂಟಿಯಾಕ್‌ನಿಂದ.